ಎಂಟನೇ ಗೋಡೆಯ ಚಿಲಕ

ಥಾರ್ನ್‌ಬಿ ಬಂಗಲೆಯ ತೋಟದಲ್ಲಿ ಬೇಲಿಗಿಡ ಕತ್ತರಿಸುತ್ತಿದ್ದವರಿಗೆ ಮಧ್ಯಾಹ್ನವೇ ಮಳೆ ಹಿಡಿಯಿತು; ಹಿಡಿದದ್ದು ಬಿಡುವ ಲಕ್ಷಣ ಕಾಣಲಿಲ್ಲ. ಹೇಜಲ್ ಮತ್ತು ಕ್ಲೈವ್ ಓಡೋಡಿ ಹಳ್ಳದ ಬದಿಯ ಮಂಟಪ ಸೇರುವಷ್ಟರಲ್ಲಿ ಎನಿಡ್ ಅಜ್ಜಿ ಆಗಲೇ ಅಲ್ಲಿ ಬೆಂಚಿನ ಮೇಲೆ ಕೂತು ಫ್ಲಾಸ್ಕಿನಿಂದ ಚಹಾ ಬಗ್ಗಿಸುತ್ತಿದ್ದಳು. ಅದು ಎಂಟು ಗೋಡೆಗಳ ಮಂಟಪ. ಆರರಲ್ಲಿ ಎತ್ತರದ ಕಿಟಕಿ, ಒಂದರಲ್ಲಿ ಹೆಬ್ಬಾಗಿಲು, ಮೇಲೆ ಗುಮ್ಮಟ. ಎಂಟನೆಯದರಲ್ಲಿ ಗಾರೆಯ ಹೂಬಳ್ಳಿಗಳ ನಡುವೆ, ಗೋಡೆಯದೇ ಬಣ್ಣ ಬಳಿದ ಕಿರುಬಾಗಿಲೊಂದು ಅಡಗಿತ್ತು. ಅದು ತುಸು ತೆರೆದಿತ್ತು. ಕೆಲಸಕ್ಕೆ ಹೊಸಬಳಾದ ಹೇಜಲ್ ಅಲ್ಲಿಂದ ಬರುವ ಗಾಳಿಗೆ ನಡುಗಿ, ಬಾಗಿಲು ದೂಡಿ ಚಿಲಕಕ್ಕೆ ಕೈಹಾಕಿದಳು.

“ಮುಟ್ಟಬೇಡ!” ಅಜ್ಜಿ ಗದರಿದ ರಭಸಕ್ಕೆ ಚಹಾ ಚೆಲ್ಲಿತು. “ಮಳೆ ಬರೋವಾಗ ಆ ಚಿಲಕ ಹಾಕಬಾರದು.”

“ಶುರುವಾಯ್ತು ನೋಡು ಅಜ್ಜಿ ಪುರಾಣ,” ಎಂದು ಕ್ಲೈವ್ ನಕ್ಕ.

“ಬಾಯಿ ಮುಚ್ಕೊಂಡು ಕೇಳ್ತೀಯಾ, ಇಲ್ಲ ಮಳೇಲಿ ನಿಲ್ತೀಯಾ?... ಬಾ ಹೇಜಲ್, ಕೂತ್ಕೋ. ಈ ಬಾಗಿಲ ಹಿಂದೆ ಮೆಟ್ಟಿಲು, ಮೆಟ್ಟಿಲ ಕೆಳಗೆ ಸುರಂಗ, ಸುರಂಗದ ಆ ತುದೀಲಿ ಬಂಗಲೆಯ ಅಡುಗೆಮನೆ. ಯಾಕೆ ಹೀಗೆ ಕಟ್ಟಿದ್ರು ಗೊತ್ತಾ? ದೊಡ್ಡೋರು ಇಲ್ಲಿ ಕೂತು ಸಿಹಿ ತಿಂತಾ ಹುಲ್ಲುಹಾಸು ನೋಡೋವಾಗ, ತಟ್ಟೆ ಹೊತ್ತ ಕೆಲಸದೋಳ ಟೋಪಿ ಕಂಡ್ರೆ ನೋಟ ಕೆಡುತ್ತಂತೆ! ತಿನ್ನೋಕೆ ಬೇಕು, ತಂದೋರು ಕಾಣಬಾರದು... ಚಿಲಕಾನೂ ಈ ಕಡೆ ಮಾತ್ರ. ಕೆಲಸದೋರು ಒಳಗಿಂದ ತಟ್ಟಬೇಕು, ದೊಡ್ಡೋರು ಮನಸ್ಸು ಬಂದಾಗ ತೆಗೀಬೇಕು.

“ನಮ್ಮಜ್ಜಿಯ ಅಜ್ಜಿ ಕಾಲದಲ್ಲಿ ಟ್ಯಾಬಿತಾ ಅಂತ ಒಬ್ಬಳು ಕೆಲಸದ ಹುಡುಗಿ. ಹೀಗೇ ಮಳೆ. ಹಳ್ಳ ಉಕ್ಕಿ ಸುರಂಗಕ್ಕೆ ನುಗ್ತು. ಅವಳು ತಟ್ಟಿದ್ಲು... ತಟ್ಟಿದ್ಲು... ಇಲ್ಲಿ ಯಾರೋ ದೊರೆಸಾನಿ ಹಾಡ್ತಿದ್ಲಂತೆ. ‘ಹಾಡು ಮುಗೀಲಿ’ ಅಂದ್ರಂತೆ ಯಜಮಾನ್ರು. ಹಾಡೇನೋ ಮುಗೀತು. ಅಷ್ಟರಲ್ಲಿ ತಟ್ಟೋದೂ ನಿಂತಿತ್ತು.”

ಕ್ಲೈವ್ ನಗು ನಿಲ್ಲಿಸಿದ.

“ಆಮೇಲೆ ನಮ್ಮಮ್ಮ, ಐವಿ. ತೋಟಗಾರನ ಹೆಂಡತಿ, ತುಂಬಿದ ಬಸುರಿ. ದೊಡ್ಡೂಟ ಇದ್ದಾಗ ಕೈನೆರವಿಗೆ ಕರೀತಿದ್ರು. ಅವತ್ತು ತಟ್ಟೆ ಹೊರಿಸಿ ಸುರಂಗಕ್ಕೆ ಕಳಿಸಿದ್ರು. ಮಳೆ ಜೋರಾಗಿ ಅತಿಥಿಗಳೆಲ್ಲ ಬಂಗಲೇಲೇ ಉಳಿದ್ರು. ಒಳಗೊಬ್ಬಳು ಇದಾಳೆ ಅಂತ ಯಾರ ತಲೇಗಾದ್ರೂ ಹೊಳೀತಾ? ಹಿಂದೆ ನೀರು, ಮುಂದೆ ಚಿಲಕ. ನೀರು ಮೆಟ್ಟಿಲೇರಿ ಎದೆಮಟ್ಟ ಬಂತು. ಅಮ್ಮ ಗುದ್ದಿದ್ಲು, ಕೂಗಿದ್ಲು, ಹೊಟ್ಟೆ ಹಿಡ್ಕೊಂಡು ‘ನನ್ನ ಕೂಸು, ನನ್ನ ಕೂಸು’ ಅಂತ ಅತ್ತಳು. ಈ ಕೋಣೇಲಿ ಯಾರಿದ್ರು ತೆಗೆಯೋಕೆ, ಹೇಳಿ?... ಚಿಲಕ ಸರೀತು.

“ತೆವಳಿಕೊಂಡು ಬಂದು ನೋಡಿದ್ರೆ ಕೋಣೆ ಖಾಲಿ. ನೆಲದ ಮೇಲೆ ಒದ್ದೆ ಹೆಜ್ಜೆ ಮಾತ್ರ, ಬಾಗಿಲಿಂದ ಬೆಂಚಿನ ತನಕ. ಅಮ್ಮ ಮಂಡಿ ಬಗ್ಗಿಸಿ, ‘ತುಂಬಾ ಉಪಕಾರ ಆಯ್ತು, ಟ್ಯಾಬಿತಾ’ ಅಂದ್ಲಂತೆ. ಅವಳಿಗೆ ಉಪಕಾರ ಆಯ್ತು ಅಂದೋರು ಅಲ್ಲೀತನಕ ಒಬ್ಬರೂ ಇರಲಿಲ್ಲ.

“ಆ ಕೂಸೇ ನಾನು. ಅಮ್ಮ ಇರೋತನಕ ಹನಿ ಬಿದ್ದ ತಕ್ಷಣ ಬಂದು ಚಿಲಕ ತೆಗೀತಿದ್ಲು, ಈಗ ನಾನು. ದೆವ್ವಕ್ಕೆ ಚಿಲಕ ಯಾವ ಲೆಕ್ಕ ಅಂತೀರಾ? ಇರಬಹುದು. ಆದ್ರೆ ನಮ್ಮ ಹುಡುಗಿ ಇನ್ನೊಂದು ಸಲ ತಟ್ಟಬಾರದು ಕಣ್ರೇ. ನನ್ನ ಮಕ್ಕಳು, ಮೊಮ್ಮಕ್ಕಳು, ಈ ಬಿಸಿ ಚಹಾ... ಎಲ್ಲ ಅವಳು ಕೊಟ್ಟಿದ್ದು. ಮಂಡಿನೋವು ಅಂತ ಮನೇಲಿ ಕೂತ್ರೆ ದೇವರು ಮೆಚ್ತಾನಾ?”

“ಹೆದರಿಕೆ ಆಗಲ್ವಾ ಅಜ್ಜಿ?” ಹೇಜಲ್‌ಳ ದನಿ ಸಣ್ಣಗಾಗಿತ್ತು.

“‘ಹಾಡು ಮುಗೀಲಿ’ ಅಂದೋರಿಗೆ ಹೆದರಬೇಕು. ಇವಳಿಗ್ಯಾಕೆ?”

ಕಿರುಬಾಗಿಲು ಮೆಲ್ಲಗೆ ಕಿರುಗುಟ್ಟಿತು. ಹೇಜಲ್‌ಳ ಎಡತೋಳಿಗೆ ತಣ್ಣಗೆ ಏನೋ ತಾಗಿದಂತಾಯಿತು. ಅಜ್ಜಿಯ ಮುಖ ಅರಳಿತು.

“ಒಂಚೂರು ಸರ್ಕೋ ತಾಯಿ, ಜಾಗ ಬಿಡು... ಪಾಪ, ನೆಂದು ತೊಪ್ಪೆಯಾಗಿದಾಳೆ.”