ಹದಿನೇಳನೇ ರೋಗಿ

ಕಲ್ಕತ್ತೆಯ ದೊಡ್ಡಾಸ್ಪತ್ರೆಯಲ್ಲಿ ಚೀಟಿ ಮಾಡಿಸುವವರ ಸಾಲು ಲಿಫ್ಟಿನ ಬಾಗಿಲವರೆಗೂ ಬೆಳೆದಿತ್ತು. ಎರಡು ವರ್ಷ ತಪಾಸಣೆಗೆ ಚಕ್ಕರ್ ಹೊಡೆದು ಇವತ್ತು ಬಂದಿದ್ದ ಹಾರಾಧನ ಪಾಖಿರಾ ನಿಂತಲ್ಲಿ ನಿಲ್ಲಲಾರದೆ ಚಡಪಡಿಸುತ್ತಿದ್ದ. ಪಕ್ಕದಲ್ಲೇ ಡಾಕ್ಟರಮ್ಮ ಒಬ್ಬರು ತಮ್ಮ ಕೈಕೆಳಗಿನ ಡಾಕ್ಟರನ ಜೊತೆ ಲಿಫ್ಟಿಗೆ ಕಾಯುತ್ತಿದ್ದರು.

“ಮೇಡಂ, ನಾಳೆ ಬಡ್ತಿ ಸಂದರ್ಶನಕ್ಕೆ ನಿಮ್ಮ ಅರವತ್ತೆರಡು ರಿಸರ್ಚ್ ಪೇಪರೂ ಜೋಡಿಸಿದೀನಿ. ಒಂದು ಎಡವಟ್ಟಾಗಿದೆ.”

“ಈಗ ಹೇಳ್ತೀಯಲ್ಲಪ್ಪ! ಏನದು?”

“ಸೋಂಕಿನ ಪೇಪರಲ್ಲಿ ಹದಿನೇಳನೇ ರೋಗಿ ಬದುಕಿದಾನೆ. ರಕ್ತದ ಕ್ಯಾನ್ಸರಿನ ಪೇಪರಲ್ಲಿ ಸತ್ತಿದಾನೆ.”

“ಬೇರೆ ಬೇರೆಯವರಿರಬೇಕು, ನೋಡು.”

“ಒಬ್ಬನೇ ಮೇಡಂ. ಬಸಿರ್‌ಹಾಟಿನ ಮದುವೆ ಬ್ಯಾಂಡಲ್ಲಿ ಕ್ಲಾರಿನೆಟ್ ಊದ್ತಿದ್ನಲ್ಲ, ಕ್ಯಾನ್ಸರ್ ಜೊತೆಗೆ ಶ್ವಾಸಕೋಶಕ್ಕೆ ಬೂಷ್ಟೂ ಹತ್ತಿತ್ತು.”

ಹಾರಾಧನನ ಕೈ ತಾನಾಗಿ ಎದೆಗೆ ಹೋಯಿತು.

“ಸತ್ತ ಅಂತ ಯಾರು ಬರೆದಿದ್ದು?”

“ನಾನೇ. ಬರೋದು ಬಿಟ್ಟ, ಫೋನೂ ಹೋಗ್ಲಿಲ್ಲ. ಹೋಗಿರ್ತಾನೆ ಅಂದ್ಕೊಂಡೆ. ಈಗ ಸೋಂಕಿನ ಪೇಪರಲ್ಲೂ ಸಾಯಿಸಿಬಿಡ್ಲಾ?”

“ಥೂ, ಬಾಯಿ ಮುಚ್ಚು! ಎಲ್ಲಾದ್ರೂ ಊದ್ಕೊಂಡು ಬದುಕಿರ್ಲಿ ಪಾಪ.”

“ನಾಳೆ ಕೇಳಿದ್ರೆ?”

“ಎರಡನ್ನೂ ಓದೋರು ಯಾರಿದಾರೆ? ಎಣಿಸ್ತಾರೆ, ಅಷ್ಟೆ.”

ಲಿಫ್ಟು ಬಂತು. ಚಿಕಿತ್ಸೆಯಲ್ಲಿ ಬೋಳಾಗಿದ್ದ ತಲೆತುಂಬ ಈಗ ಕೂದಲು ಬೆಳೆದಿದ್ದವನ ಗುರುತು ಇಬ್ಬರಿಗೂ ಸಿಗಲಿಲ್ಲ. “ದಾದಾ, ಸ್ವಲ್ಪ ದಾರಿ ಬಿಡಿ” ಎಂದು ಅವನ ಹೆಗಲು ತಟ್ಟಿ ಡಾಕ್ಟರಮ್ಮ ಒಳಹೊಕ್ಕರು. ಅವನು “ಮೇಡಂ” ಎಂದು ಕೂಗುವಷ್ಟರಲ್ಲಿ ಬಾಗಿಲು ಮುಚ್ಚಿತ್ತು.

ಸಾಲು ಕರಗಿ ಕಿಟಕಿ ಸಿಕ್ಕಿತು. “ಹಳೇ ರೋಗಿನಾ, ಹೊಸಬನಾ?” ಎಂದ ಗುಮಾಸ್ತ, ತಲೆ ಎತ್ತದೆ.

“ಹಳಬನೇ ದಾದಾ. ಬದುಕಿದಾನೆ ಅಂತ ದಪ್ಪಕ್ಷರದಲ್ಲಿ ಬರ್ಕೊಳ್ಳಿ.”