ಕೆರೆಗಿಳಿದ ಅರ್ಧ ಕಾರು

ಊರಿನವರು ವೆಲ್ಡಿಂಗ್ ಮಾಮ ಎಂದು ಕರೆಯುವ ನಾನು, ವಯಸ್ಸು ಐವತ್ತೆಂಟು, ಕೆಲಸ ಗೇಟು ಮತ್ತು ಕಿಟಕಿ ಗ್ರಿಲ್ ವೆಲ್ಡಿಂಗ್, ವಾಸ ಹಿಟ್ಟಿನ ಗಿರಣಿಯ ಹಿಂದಿನ ಓಣಿಯ ಕೊನೇ ಮನೆ, ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ:

ಮನೆಯಲ್ಲಿ ನಾನು ಮತ್ತು ನನ್ನ ಅಕ್ಕ ಇಬ್ಬರೇ ವಾಸವಿರುತ್ತೇವೆ. ಅಕ್ಕನಿಗೆ ಅರವತ್ತಾರು ವರ್ಷ. ಅವಳು ಸ್ವಂತ ಕಾರನ್ನು ಬಾಡಿಗೆಗೆ ಓಡಿಸುತ್ತಿದ್ದವಳು. ದುಂಡು ಬೆನ್ನಿನ, ತಿಳಿ ನೀಲಿ ಬಣ್ಣದ ಹಳೆಯ ಕಾಲದ ಕಾರು ಅದು. ಆಸ್ಪತ್ರೆಗೆ, ಮದುವೆಗೆ, ರೈಲಿಗೆ ಎಂದು ಅರ್ಧ ಊರನ್ನು ಅದರಲ್ಲಿ ಕೂರಿಸಿಕೊಂಡು ಹೋಗಿದ್ದಾಳೆ. ಕೆಲವು ವರ್ಷಗಳ ಹಿಂದೆ ಒಂದು ಸಂಜೆ ಕಾರನ್ನು ಅಂಗಳದಲ್ಲಿ ನಿಲ್ಲಿಸಿ ಕೀಲಿಯನ್ನು ನನ್ನ ಕೈಗೆ ಕೊಟ್ಟು, ದೀಪಗಳ ಸುತ್ತ ಬಳೆ ತೊಡಿಸಿದ ಹಾಗೆ ಕಾಣುತ್ತಿದೆ, ಇನ್ನು ಓಡಿಸುವುದಿಲ್ಲ ಎಂದು ಹೇಳಿದಳು. ನಂತರ ನಿಧಾನವಾಗಿ ಆ ಬಳೆಗಳೂ ಕಾಣದಾದವು. ಈಗ ಅವಳಿಗೆ ದೃಷ್ಟಿ ಇಲ್ಲ.

ಕಾರು ನಿಂತಲ್ಲೇ ನಿಂತು ತುಕ್ಕು ಹಿಡಿಯಿತು. ಮುಂದಿನ ಅರ್ಧ ಪೂರ್ತಿ ಹಾಳಾಗಿತ್ತು. ಬಾನೆಟ್ಟನ್ನು ಬೆರಳಿನಿಂದ ಒತ್ತಿದರೆ ಪುಡಿ ಉದುರುತ್ತಿತ್ತು. ಹಿಂದಿನ ಅರ್ಧ ಮಾತ್ರ ಗೋಡೆಯ ಮರೆಯಲ್ಲಿದ್ದುದರಿಂದ ಗಟ್ಟಿಯಾಗಿತ್ತು. ಅದನ್ನು ಕತ್ತರಿಸಿ, ನನ್ನ ಜೀಪಿನ ಹಿಂದೆ ಕಟ್ಟುವ ಟ್ರೈಲರ್ ಮಾಡಿದರೆ ವೆಲ್ಡಿಂಗ್ ಸಾಮಾನು ಸಾಗಿಸಲು ಅನುಕೂಲವೆಂದು ನಾನು ಅಕ್ಕನನ್ನು ಕೇಳಿದೆ. ಮೂರನೇ ದಿನ ಬಟ್ಟೆ ಮಡಿಸುತ್ತಾ, "ಕತ್ತರಿಸೋದಾದ್ರೆ ನೆಟ್ಟಗೆ ಕತ್ತರಿಸು. ಹಿಂದಿನ ಸೀಟು ಮಾತ್ರ ತೆಗೀಬೇಡ. ಊರೋರೆಲ್ಲ ಕೂತಿದ್ದಾರೆ, ನಾನೇ ಕೂತಿಲ್ಲ ಅದರಲ್ಲಿ," ಎಂದಳು.

ಮುಂದಿನ ಸೀಟಿನ ಹಿಂಭಾಗಕ್ಕೆ ಸೀಮೆಸುಣ್ಣದಲ್ಲಿ ಗೆರೆ ಹಾಕಿ, ಗ್ರೈಂಡರಿನಿಂದ ಕಾರನ್ನು ಅಡ್ಡ ಕತ್ತರಿಸಿದೆ. ಅಕ್ಕ ಜಗಲಿಯಲ್ಲಿ ಕೂತು ಸದ್ದು ಕೇಳುತ್ತಿದ್ದಳು. ಎರಡು ಭಾಗ ಬೇರೆಯಾದಾಗ ಎದ್ದು ಬಂದು, ಕತ್ತರಿಸಿದ ಅಂಚನ್ನು ಮುಟ್ಟಲು ಕೈ ಚಾಚಿದಳು. ಬಿಸಿ ಇದೆ, ತಡಿ ಎಂದೆ. ಆರುವವರೆಗೂ ಅಲ್ಲೇ ನಿಂತಿದ್ದಳು. ಅರ್ಧಕ್ಕೆ ಕತ್ತರಿಸಿದ ಗಾಡಿ ಸೊಟ್ಟಗಾಗುತ್ತದೆ. ಹಾಗಾಗಬಾರದೆಂದು ಹಿಂದಿನ ಎರಡೂ ಬಾಗಿಲುಗಳನ್ನು ಬೆಸೆದು ಮುಚ್ಚಿದೆ. ಮುಂದೆ ಸೊಂಟದೆತ್ತರಕ್ಕೆ ದಪ್ಪ ತಗಡು ಕಟ್ಟಿದೆ. ತಳದ ತೂತುಗಳಿಗೆ ತೇಪೆ ಹಾಕಿ, ಸಂದುಗಳಿಗೆಲ್ಲ ಡಾಂಬರು ಬಳಿದೆ. ಇದನ್ನೆಲ್ಲ ಮಾಡಿದ್ದು ರಸ್ತೆಯ ನೀರು ಸೀಟಿಗೆ ಚಿಮ್ಮಬಾರದೆಂದೇ ಹೊರತು ಬೇರೆ ಯಾವ ಉದ್ದೇಶದಿಂದಲೂ ಅಲ್ಲ. ಜೀಪಿಗೆ ಸಿಕ್ಕಿಸಲು ಎರಡು ಕಬ್ಬಿಣದ ಕೊಳವೆಗಳನ್ನು ಕೂಡಿಸಿ ಮೂತಿ ಮಾಡಿದೆ. ಬ್ರೇಕು ಇಟ್ಟಿರಲಿಲ್ಲ.

ಈ ದಿನ ಬೆಳಗ್ಗೆ ಸುಮಾರು ಏಳು ಗಂಟೆಗೆ ಟ್ರೈಲರನ್ನು ಜೀಪಿಗೆ ಕಟ್ಟಿ, ಅಕ್ಕನನ್ನು ಸ್ಟೂಲಿನ ಮೇಲಿಂದ ಹತ್ತಿಸಿ ಹಿಂದಿನ ಸೀಟಿನಲ್ಲಿ ಕೂರಿಸಿದೆ. ಟ್ರೈಲರಿನಲ್ಲಿ ಜನರನ್ನು ಕೂರಿಸಬಾರದೆಂಬುದು ನನಗೆ ಗೊತ್ತಿತ್ತು. ಅಕ್ಕ ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದಳು. ಕೆರೆಯವರೆಗೆ ಹೋಗಿ ಬರುವುದೆಂದು ಮಾತಾಗಿತ್ತು. ದಾರಿಯುದ್ದಕ್ಕೂ ಮಂಜಿತ್ತು. ಜೀಪಿನ ಕನ್ನಡಿಯಲ್ಲಿ ನೋಡಿದಾಗಲೆಲ್ಲ ಅಕ್ಕ ಎರಡೂ ಕೈಗಳನ್ನು ಸೀಟಿನ ಮೇಲೆ ಚಾಚಿ, ಗಲ್ಲ ಎತ್ತಿಕೊಂಡು, ಯಾರದೋ ಮದುವೆಗೆ ಹೊರಟವಳ ಹಾಗೆ ಕೂತಿದ್ದಳು.

ಕೆರೆಯ ಹತ್ತಿರ, ದೋಣಿಗಳನ್ನು ನೀರಿಗೆ ಇಳಿಸುವ ಇಳಿಜಾರಿನ ನೆತ್ತಿಯಲ್ಲಿ ರಸ್ತೆ ಮುಗಿಯುತ್ತದೆ. ಟ್ರೈಲರ್ ಸಮೇತ ಜೀಪು ಹಿಂದಕ್ಕೆ ತಿರುಗಿಸಲು ನನಗೆ ಬರಲಿಲ್ಲ. ಆದ್ದರಿಂದ ಕೊಂಡಿ ಬಿಚ್ಚಿ, ಮೂತಿ ಹಿಡಿದು ಟ್ರೈಲರನ್ನು ಊರ ಕಡೆಗೆ ತಿರುಗಿಸಿ, ಅದರ ಎರಡೂ ಗಾಲಿಗಳಿಗೆ ಕಲ್ಲು ಕೊಟ್ಟು, ಜೀಪನ್ನು ಮಾತ್ರ ತಿರುಗಿಸಲು ಹೋದೆ. ಅಕ್ಕ ತೂಕಡಿಸುತ್ತಿದ್ದುದರಿಂದ ಅವಳಿಗೆ ಹೇಳಲಿಲ್ಲ. ನೆಲ ಪಾಚಿಯಾಗಿತ್ತು. ಜೀಪು ತಿರುಗಿಸಿ ನೋಡುವಷ್ಟರಲ್ಲಿ ಕಲ್ಲುಗಳು ಜಾರಿ, ಟ್ರೈಲರ್ ಹಿಂದುಮುಂದಾಗಿ ಇಳಿಜಾರಿನಲ್ಲಿ ಇಳಿಯುತ್ತಿತ್ತು. ಸದ್ದೇ ಇರಲಿಲ್ಲ. ದುಂಡು ಬೆನ್ನು ಮೊದಲು ನೀರಿಗೆ ತಾಗಿತು. ಬಾತುಕೋಳಿ ಇಳಿದ ಹಾಗೆ ಒಂದು ಸಲ ತಗ್ಗಿ, ಎದ್ದು, ತೇಲುತ್ತಾ ದೂರ ಸರಿಯಿತು.

ನಾನು ಜೀಪಿನ ಎಂಜಿನ್ ಆರಿಸದೆ ಹಾಗೇ ಬಿಟ್ಟು ಓಡಿದೆ. ಎದೆಮಟ್ಟದ ನೀರಿನವರೆಗೆ ಹೋದೆ. ಮುಂದೆ ಆಳ, ನನಗೆ ಈಜು ಬಾರದು. ಆಗ ಅಕ್ಕ, "ತಮ್ಮಾ, ಈ ರಸ್ತೆಗೆ ಟಾರು ಯಾವಾಗ ಹಾಕಿದ್ರು? ಒಂದು ಗುಂಡಿನೂ ಇಲ್ವಲ್ಲೋ," ಎಂದು ಕೇಳಿದಳು.

ಅವಳು ಕಿಟಕಿಯಿಂದ ಕೈ ಹೊರಗೆ ಚಾಚಿದಳು. ಬೆರಳುಗಳು ನೀರಿಗೆ ತಾಗಿದವು. ಕೈಯನ್ನು ಸ್ವಲ್ಪ ಹೊತ್ತು ಅಲ್ಲೇ ಬಿಟ್ಟಳು. ಆಮೇಲೆ ನಾನೆಲ್ಲಿದ್ದೇನೆ ಎಂದು ಕೇಳಿದಳು. ನೀರಲ್ಲಿ ಎಂದೆ. "ಹಿಂದಕ್ಕೆ ಹೋಗು. ಈಜು ಬರಲ್ಲ ನಿಂಗೆ. ನಾನು ಕೂತಿದ್ದೀನಿ, ನೀನು ನಿಂತಿದ್ದೀಯ. ಮೊದಲು ದಡ ಸೇರ್ಕೋ," ಎಂದು ಗದರಿದಳು. ನಾನು ದಡಕ್ಕೆ ಬಂದೆ.

ಇಷ್ಟರಲ್ಲಿ ಬಲೆ ಎತ್ತುತ್ತಿದ್ದ ದೋಣಿಯವರೊಬ್ಬರು ನೋಡಿ, ಹುಟ್ಟು ಹಾಕಿಕೊಂಡು ಅವಳ ಬಳಿ ಹೋದರು. ಟ್ರೈಲರಿನ ಮೂತಿಗೆ ಹಗ್ಗ ಬಿಗಿದು, ದೋಣಿಗೆ ಗಿಡ್ಡವಾಗಿ ಕಟ್ಟಿಕೊಂಡರು. ಒಳಗೆ ಬಗ್ಗಿ ನೋಡಿ, ಪಾದ ಮುಳುಗುವಷ್ಟು ನೀರು ಬಂದಿದೆ, ಭಯವಿಲ್ಲ ಎಂದು ನನಗೆ ಕೂಗಿ ಹೇಳಿದರು. ಬೇಗ ಈಚೆ ತನ್ನಿ ಎಂದು ನಾನು ಕೂಗಿದ್ದು ನಿಜ. ಕೆರೆಯ ಕಾವಲುಗಾರರು ಬಂದು ಸೀಟಿ ಊದಿದ್ದೂ ಆಗಲೇ. ಅವರು ದೋಣಿಯವರ ಮೇಲೆ ಕೊಟ್ಟ ದೂರಿನಲ್ಲಿ ಬರೆಸಿರುವುದು ಇಲ್ಲಿಯವರೆಗೆ ಸರಿಯಾಗಿದೆ. ಮುಂದಿನದು ಅವರಿಗೆ ಕೇಳಿಸಿರಲಿಕ್ಕಿಲ್ಲ, ಅದಕ್ಕೇ ದೋಣಿಯವರು ಅಕ್ಕನನ್ನು ದಡಕ್ಕೆ ತರದೆ ಎಳೆದೊಯ್ದರೆಂದು ಬರೆಸಿದ್ದಾರೆ.

ಅಕ್ಕ ನನ್ನನ್ನು ಕರೆದು, "ತಮ್ಮಾ, ಇವರು ಕೆರೆ ನಡುವೆ ಒಂದು ದಿಬ್ಬ ಇದೆ ಅಂತಾರೆ. ಸುತ್ತಿಕೊಂಡು ಬರ್ಲಾ?" ಎಂದು ಕೇಳಿದಳು. ಅವಳು ನನ್ನ ಅಪ್ಪಣೆ ಕೇಳಿದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಬೇಡ ಎನ್ನಲು ಬಾಯಿ ತೆರೆದವನು, "ಹೋಗಿ ಬಾ ಅಕ್ಕ," ಎಂದೆ. ದೋಣಿಯವರು ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದ ಮೇಲೆಯೇ ದೋಣಿ ತಿರುಗಿಸಿದರು.

ಅವರು ಹೋಗುತ್ತಿದ್ದಂತೆ ಮಂಜು ದಟ್ಟವಾಯಿತು. ಮೊದಲು ದೋಣಿ ಕಾಣದಾಯಿತು. ನಂತರ ಕಾರು, ಆಮೇಲೆ ಅದರ ಮೇಲೆ ನೀಲಿ ಉಳಿದಿದ್ದ ಒಂದು ಚೂರು. ಬಿಸಿಲು ಹಾಲಿನ ಹಾಗೆ ಎಲ್ಲ ಕಡೆಯಿಂದ ಬರುತ್ತಿದ್ದು, ನೀರು ಯಾವುದು ಆಕಾಶ ಯಾವುದು ತಿಳಿಯುತ್ತಿರಲಿಲ್ಲ. ಸ್ವಲ್ಪ ಹೊತ್ತು ಅಕ್ಕ ನಗುವುದು ಕೇಳಿಸಿತು. ಆಮೇಲೆ ಅದೂ ಇಲ್ಲ. ನಾನು ಮಣ್ಣಿನಲ್ಲಿ ಕೂತುಬಿಟ್ಟೆ. ದೋಣಿಯವರು ತಡಮಾಡಿದ್ದು ಇಲ್ಲಿ. ಎಷ್ಟು ಹೊತ್ತೆಂದು ಕಾವಲುಗಾರರು ಬರೆಸಿದ್ದಾರೆ. ನನಗೆ ತಿಳಿಯದು.

ಈಗ ಹೇಳುವುದು ನಾನು ಕಂಡದ್ದಲ್ಲ, ದೋಣಿಯವರಿಂದ ಕೇಳಿದ್ದು. ದಿಬ್ಬ ಸುತ್ತಿದ ಮೇಲೆ ಅವರಿಗೆ ದಿಕ್ಕು ತಪ್ಪಿತು. ನಲವತ್ತು ವರ್ಷ ಆ ಕೆರೆಯಲ್ಲಿದ್ದವರಿಗೆ ದಡ ಎತ್ತ ಎಂದು ಗೊತ್ತಾಗಲಿಲ್ಲ. ಹುಟ್ಟು ನಿಲ್ಲಿಸಿ, "ಅಮ್ಮಾ, ನಂಗೇನೂ ಕಾಣ್ತಿಲ್ಲ," ಎಂದರು. ಅಕ್ಕ, ಹೌದಾ ಎಂದು ಕೇಳಿ, ಸ್ವಲ್ಪ ಹೊತ್ತು ಕಿವಿಗೊಟ್ಟು ಕೂತಳು. ಆಮೇಲೆ, "ನಮ್ಮ ಜೀಪು ಇನ್ನೂ ಓಡ್ತಾ ಇದೆ. ಕೇಳಿಸ್ತಾ ಇಲ್ವಾ? ಎಡಕ್ಕೆ ತಿರುಗಿಸಿ. ಇನ್ನೂ ಸ್ವಲ್ಪ. ಸಾಕು, ಈಗ ನೇರ ನಡೀರಿ," ಎಂದಳಂತೆ. ಅವರಿಗೆ ಏನೂ ಕೇಳಿಸಲಿಲ್ಲವಂತೆ. ಆದರೂ ಅವಳು ಹೇಳಿದ ಹಾಗೆ ಹುಟ್ಟು ಹಾಕಿದರಂತೆ.

ಮುಂದಿನದು ನಾನು ಕಣ್ಣಾರೆ ಕಂಡದ್ದು. ಮಂಜಿನೊಳಗಿಂದ ಮೊದಲು ಅಕ್ಕನ ದನಿ ಬಂತು. ನಂತರ ದೋಣಿ. ದೋಣಿಯವರು ನಮ್ಮ ಕಡೆಗೆ ಬೆನ್ನು ಮಾಡಿ ಹುಟ್ಟು ಹಾಕುತ್ತಿದ್ದರು. ದಡ ಎಲ್ಲಿದೆ ಎಂದು ಒಮ್ಮೆಯೂ ತಿರುಗಿ ನೋಡಲಿಲ್ಲ, ಅಕ್ಕನ ಕೈಯನ್ನೇ ನೋಡುತ್ತಿದ್ದರು. ಅವಳು ಅರ್ಧ ಕಾರಿನಲ್ಲಿ ನೆಟ್ಟಗೆ ಕೂತು, ಒದ್ದೆ ಸೆರಗನ್ನು ಹೆಗಲಿಗೆ ಹಾಕಿಕೊಂಡು, ಬಲಗೈ ಚಾಚಿ, ನಾನಿರುವ ಕಡೆಗೇ ಬೆರಳು ತೋರಿಸುತ್ತಿದ್ದಳು.

ದೋಣಿಯವರ ಮೇಲೆ ನನ್ನದಾಗಲಿ ಅಕ್ಕನದಾಗಲಿ ದೂರು ಇರುವುದಿಲ್ಲ. ಅವರು ಸುತ್ತು ಹಾಕಿದ್ದು ನಾನು ಹೋಗಿ ಬಾ ಎಂದದ್ದಕ್ಕೆ. ಠಾಣೆಯ ಮುಂದೆ ತಂದಿಟ್ಟಿರುವ ಅವರ ದೋಣಿಯನ್ನು ಈ ದಿನವೇ ಬಿಟ್ಟುಕೊಡಬೇಕೆಂದು, ಟ್ರೈಲರಿನ ವಿಚಾರವಾಗಿ ಏನೇ ಕ್ರಮವಿದ್ದರೂ ನನ್ನೊಬ್ಬನ ಮೇಲೆ ಕೈಗೊಳ್ಳಬೇಕೆಂದು ಕೋರುತ್ತೇನೆ.

ಇದನ್ನು ಬರೆದುಕೊಂಡವರು ನನಗೆ ಓದಿ ಹೇಳಿದರು. ಕಂಡದ್ದನ್ನು ಕಂಡದ್ದೆಂದೂ ಕೇಳಿದ್ದನ್ನು ಕೇಳಿದ್ದೆಂದೂ ಬೇರೆ ಮಾಡಿ ಹೇಳಿದ್ದೇನೆ. ಎಲ್ಲವೂ ಸತ್ಯವಾಗಿರುತ್ತದೆ. ಅಕ್ಕ ಹೊರಗಿನ ಬೆಂಚಿನ ಮೇಲೆ ದೋಣಿಯವರ ಪಕ್ಕ ಕೂತಿರುತ್ತಾಳೆ. ಅವಳ ಹೇಳಿಕೆಯನ್ನು ಅವಳೇ ಕೊಡುವುದಾಗಿ ಹೇಳಿದ್ದಾಳೆ. ಅವಳಿಗೆ ಹೇಳುವುದು ಬಹಳ ಇದೆಯಂತೆ, ಬೇರೆ ಹಾಳೆ ತೆಗೆದುಕೊಳ್ಳಬೇಕಂತೆ.

ಸ್ಥಳ: ಠಾಣೆ
ದಿನಾಂಕ: ಘಟನೆ ನಡೆದ ದಿನವೇ, ಮಧ್ಯಾಹ್ನ
ಹೇಳಿಕೆದಾರನ ಸಹಿ