ಕೈತಪ್ಪಿದ ಜಪಾನು

ತೊಂಬತ್ನಾಲ್ಕರಲ್ಲಿ, ಕೇರಳದ ತಂಪಾನೂರಿನ ಬಸ್ ಕ್ಯೂನಲ್ಲಿ ನನ್ನ ಮುಂದೆ ಇಬ್ಬರು ಹೆಂಗಸರು ಮೈಸೂರು ಕಡೆಯ ಕನ್ನಡದಲ್ಲಿ ಮಾತಾಡುತ್ತಿದ್ದರು. ಮಹತಿ ಎಂಬಾಕೆ ಗಂಡನ ಜೊತೆ ಎರಡು ವರ್ಷ ಜಪಾನಿನಲ್ಲಿದ್ದು ಆಗಷ್ಟೇ ಮರಳಿದ್ದರು.

"ಅಲ್ಲಿ ರೈಲಲ್ಲಿ ಯಾರೂ ಜೋರಾಗಿ ಮಾತಾಡಲ್ಲ ರೀ ಸುಮಿತ್ರ. ಮರೆತುಬಂದ ಕೊಡೆನೂ ಸ್ಟೇಷನ್ನಲ್ಲಿ ಎತ್ತಿಟ್ಟಿರ್ತಾರೆ."

"ಪುಣ್ಯ ಮಾಡಿದ್ರಿ ಬಿಡಿ."

"ಏನು ಪುಣ್ಯ? ಎಲ್ಲರೂ ಬಗ್ಗಿ ನಮಸ್ಕಾರ ಮಾಡ್ತಾರೆ, ಒಬ್ಬರೂ ಒಳಗೆ ಬನ್ನಿ ಅನ್ನಲ್ಲ. ಎರಡು ವರ್ಷ ಪಕ್ಕದ ಮನೆ ಬಾಗಿಲನ್ನಷ್ಟೇ ನೋಡಿದ್ದು."

"ನಂಗೆ ಆ ಬಾಗಿಲೇ ಸಾಕಿತ್ತು."

"ಹಾಗಂದ್ರೆ?"

"ಜಪಾನಿಗೆ ಹೋಗೋ ಅವಕಾಶ ಆಫೀಸಲ್ಲಿ ಮೊದಲು ಬಂದಿದ್ದು ನಮ್ಮವರಿಗೆ. ಅತ್ತೆಗೆ ಹುಷಾರಿಲ್ಲ ಅಂತ ನಾನೇ ಬೇಡ ಅಂದೆ. ನೀವು ಹೊರಟ ತಿಂಗಳಲ್ಲೇ ಅತ್ತೆ ತೀರ್ಕೊಂಡ್ರು."

ಅಷ್ಟರಲ್ಲಿ ಬಸ್ ಬಂತು. ಮಹತಿ ಪಕ್ಕದಲ್ಲಿ ಜಾಗ ಹಿಡಿದು ಕರೆದರೂ ಸುಮಿತ್ರ ಬಸ್ಸಿನ ಹಿಂಭಾಗಕ್ಕೆ ಹೋಗಿ ನಿಂತೇ ಹೊರಟರು.